ಶಾಯಿ ಪೆನ್ನುಗಳ ಪುನರ್ವಸತಿ

ನಾನು ಈವರೆಗೆ ಒಂದೇ ಒಂದು ಶಾಯಿ ಪೆನ್ನನ್ನೂ ಕೊಂಡವನಲ್ಲ. ಆದರೂ ಹೋದ ವರ್ಷದವರೆಗೆ ನನ್ನ ಬಳಿ ಅಂಥ ಹದಿನಾಲ್ಕು ಪೆನ್ನುಗಳಿದ್ದವು. ಇದರಲ್ಲಿ ಅನುಮಾನಪಡುವಂಥದ್ದು ಏನೂ ಇಲ್ಲ. ಜಮಖಂಡಿಯಿಂದ ಒಂದು ದಿನಪತ್ರಿಕೆಗೆ ಇಪ್ಪತ್ತೆರಡು ವರ್ಷಗಳಿಂದ ಸುದ್ದಿ ಕಳಿಸುತ್ತಿರುವವನು ನಾನು. ಸಮಾರಂಭಗಳಲ್ಲಿ ಶಾಲು, ಹಾರ ಎಲ್ಲ ಮುಗಿದ ಮೇಲೆ ಸತ್ಕಾರಕ್ಕೆ ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ಸಂಘಟಕರು ಸುತ್ತ ನೋಡುತ್ತಾರೆ. ಆಗ ಅವರ ಕಣ್ಣಿಗೆ ಬೀಳುವವನು ವರದಿಗಾರ. ಅವನಿಗೆ ಏನು ಕೊಡಬೇಕೆಂಬ ಬಗ್ಗೆ ನಮ್ಮ ಸೀಮೆಯಲ್ಲಿ ಭಿನ್ನಾಭಿಪ್ರಾಯವಿಲ್ಲ. ಬರೆಯುವವನಿಗೆ ಪೆನ್ನು. ನಾನು ಎಂಟು ವರ್ಷಗಳಿಂದ ಬರೆಯುತ್ತಿರುವುದು ಬಲಗೈ ಹೆಬ್ಬೆರಳಿನಿಂದ, ಮೊಬೈಲಿನ ಮೇಲೆ. ಆ ಬೆರಳಿಗೆ ಉಪಯೋಗವಾಗುವಂಥದ್ದನ್ನು, ನೋವಿನ ಮುಲಾಮಿನ ಒಂದು ಸಣ್ಣ ಟ್ಯೂಬನ್ನಾದರೂ, ಈವರೆಗೆ ಯಾವ ಸಂಘಟಕರೂ ಕೊಟ್ಟಿಲ್ಲ. ಬಹುಶಃ ಮನುಷ್ಯ ಒಂದು ಉಪಕರಣವನ್ನು ಕೈಬಿಟ್ಟ ಮೇಲೆಯೇ ಅದು ಅವನಿಗೆ ಗೌರವಪೂರ್ವಕವಾಗಿ ಬರಲು ತೊಡಗುತ್ತದೆ.

ಪೆನ್ನುಗಳು ತಂತಮ್ಮ ಡಬ್ಬಿಗಳಲ್ಲಿ, ಮಲಗುವ ಕೋಣೆಯ ತಿಜೋರಿಯ, ಎಂದರೆ ಉಕ್ಕಿನ ಬೀರುವಿನ, ಮೇಲಿನ ಖಾನೆಯಲ್ಲಿ ಇದ್ದವು. ಡಬ್ಬಿಗಳ ಒಳಗೆ ಮಖಮಲ್ಲು. ನಮ್ಮ ಮನೆಯಲ್ಲಿ ಮಖಮಲ್ಲಿನ ಮೇಲೆ ಮಲಗುತ್ತಿದ್ದವು ಅವು ಮಾತ್ರ. ನನ್ನ ಹೆಂಡತಿ ಗಿರಿಜಾ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮೂವತ್ತೆಂಟು ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸುವವರು. ಹೀಗಾಗಿ ಜಾಗ ದಂಡವಾಗುವುದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಒಂದು ಭಾನುವಾರ ಅವರು ತಿಜೋರಿಯ ಬಾಗಿಲು ತೆರೆದು ನಿಂತು ನನ್ನನ್ನು ಕರೆದರು.

“ಈ ಪೆನ್ನುಗೋಳ ಇಲ್ಲಿ ಏನ್ ಮಾಡಾಕತ್ತಾವ್ರಿ?”

“ಏನೂ ಮಾಡಾಕತ್ತಿಲ್ಲ. ಅದಾವ,” ಎಂದೆ. ನಿಖರವಾದ ಉತ್ತರವನ್ನೇ ಕೊಟ್ಟೆ.

“ನನ್ನ ಖಣ ಇಡಾಕ ಜಾಗಾ ಇಲ್ಲ. ಒಂದ ತಿಂಗಳ ಟೈಮ್ ಕೊಡ್ತೀನಿ. ಇವುಕ್ಕ ಮನ್ಯಾಗ ಏನರೆ ಕೆಲಸ ಹಚ್ಚಿ ತೋರಸ್ರಿ. ಇಲ್ಲಾಂದ್ರ ಹದಿನಾಲ್ಕೂ ಒಯ್ದು ನಮ್ಮ ಸಾಲಿ ಹುಡುಗುರಿಗೆ ಬಹುಮಾನ ಕೊಟ್ಟ ಬಿಡ್ತೀನಿ.”

ಖಣ ಎಂದರೆ ರವಿಕೆಯ ಬಟ್ಟೆ. ನಮ್ಮ ಕಡೆ ಮನೆಗೆ ಬಂದ ಮುತ್ತೈದೆಗೆ ಕುಂಕುಮ ಹಚ್ಚಿ, ಉಡಿ ತುಂಬಿ, ಒಂದು ಖಣ ಕೊಟ್ಟು ಕಳಿಸುತ್ತಾರೆ. ಕೊಟ್ಟ ಖಣಗಳಲ್ಲಿ ಹೊಲಿಗೆಯಂತ್ರ ಕಾಣುವಂಥವು ಕಡಿಮೆ. ಉಳಿದವು ಮನೆಯಿಂದ ಮನೆಗೆ ಸಂಚಾರದಲ್ಲಿರುತ್ತವೆ. ಇದರಲ್ಲಿ ಯಾರಿಗೂ ಅವಮಾನವಿಲ್ಲ. ನಿಯಮ ಒಂದೇ: ಕೊಟ್ಟವರ ಖಣ ಕೊಟ್ಟವರಿಗೇ ಹೋಗಬಾರದು. ಆ ಒಂದು ನಿಯಮ ತಪ್ಪಿದ್ದಕ್ಕೆ ವರ್ಷಗಟ್ಟಲೆ ಮಾತು ಬಿಟ್ಟ ಮನೆಗಳು ನನಗೆ ಗೊತ್ತಿವೆ. ಆ ಮನೆಗಳ ಹೆಸರು ಇಲ್ಲಿ ಬೇಡ.

ಇಪ್ಪತ್ತೆರಡು ವರ್ಷಗಳಲ್ಲಿ ಕೃಷ್ಣೆಯ ಹಿನ್ನೀರಿನ ಪುನರ್ವಸತಿಯ ಬಗ್ಗೆ ಎಷ್ಟು ಸುದ್ದಿ ಬರೆದಿದ್ದೇನೋ ನೆನಪಿಲ್ಲ. ಈಗ ನನ್ನ ಮನೆಯಲ್ಲೇ ಹದಿನಾಲ್ಕು ಮಂದಿಯ ಒಕ್ಕಲೆಬ್ಬಿಸುವಿಕೆ ಎದುರಾಗಿತ್ತು. ಮೊದಲು ಶಾಯಿ ಬೇಕಲ್ಲ. ಕಬ್ಬಿನ ಸಭೆಯ ವರದಿಗೆಂದು ಮುಧೋಳಕ್ಕೆ ಹೋದವನು ಒಂದು ಪುಸ್ತಕದ ಅಂಗಡಿ ಹೊಕ್ಕೆ.

“ಶಾಯಿ ಬೇಕಾಗಿತ್ರಿ.”

“ಯಾವ ಪ್ರಿಂಟರಿಗ್ರಿ ಸರ?”

“ಪ್ರಿಂಟರಿಗಲ್ರಿ. ಪೆನ್ನಿಗಿ.”

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಎದಕ್ಕ ತ್ರಾಸ ತಗೋತೀರಿ? ಬಾಲ್ ಪೆನ್ ಒಯ್ರಿ. ತೀರಿದ್ರ ಒಗದ ಬಿಡೂದು.” ನಾನು ಕದಲದಿರುವುದನ್ನು ಕಂಡು ಒಳಗೆ ಹೋಗಿ, ಒಂದು ನೀಲಿ ಶಾಯಿಯ ಬಾಟಲಿ ತಂದು, ಅಂಗಿಯ ತುದಿಯಿಂದ ಧೂಳು ಒರೆಸಿ ಇಟ್ಟರು. “ಒಂದ ಉಳದಿತ್ತ ನೋಡ್ರಿ. ಯಾರರೆ ಒಬ್ರು ಬಂದ ಬರ್ತಾರು ಅನ್ನೂದು ಗೊತ್ತಿತ್ತ ನನಗ.”

ಮುಂದಿನ ಮೂರು ವಾರಗಳ ಪ್ರಯೋಗಗಳನ್ನು ವಸ್ತುನಿಷ್ಠವಾಗಿ ಹೇಳಿಬಿಡುತ್ತೇನೆ. ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿದೆ. ಆ ನುಣುಪು ಕಾಗದದ ಮೇಲೆ ಶಾಯಿ ಆರಲಿಲ್ಲ. ಹಾಳೆ ತಿರುವಿದಾಗ ಹಿಂದಿನ ತಿಂಗಳ ಬೆನ್ನಿಗೆ ಅದು ತಿರುಗುಮುರುಗಾಗಿ ಅಂಟಿಕೊಂಡಿತು. ಹೀಗಾಗಿ ನಮ್ಮ ಮನೆಗೆ ಬಾರದ ಸಿಲಿಂಡರೊಂದು ದಾಖಲೆಗೆ ಬಂತು. ಸಂತೆಗೆ ಹೋಗುವಾಗ ಬರೆದುಕೊಂಡ ಚೀಟಿ ಕೊತ್ತಂಬರಿಯ ನೀರು ತಗುಲಿ ಪೂರ್ತಿ ನೀಲಿಯಾಯಿತು. ಬದನೆಕಾಯಿ ತರಬೇಕೆಂಬುದನ್ನು ಬಣ್ಣದಿಂದ ಊಹಿಸಿದೆ. ಉಪ್ಪಿನಕಾಯಿ ಡಬ್ಬಿಯ ಹೆಸರಿನ ಚೀಟಿಯನ್ನು ಎಣ್ಣೆ ನುಂಗಿತು. ಮೊಬೈಲಿನ ಸಿಮ್ ತಟ್ಟೆ ಹೊರಗೆಳೆಯಲು ಒಂದು ಪೆನ್ನಿನ ನಿಬ್ಬನ್ನು ತೂತಿಗೆ ತೂರಿಸಿದೆ. ಸಿಮ್ ಅಲ್ಲೇ ಉಳಿಯಿತು, ನಿಬ್ಬು ಎರಡಾಯಿತು. ಯಶಸ್ವಿಯಾದ ಪ್ರಯೋಗ ಒಂದೇ. ಶೇಂಗಾ ಚಟ್ನಿಯ ಪಾಕೀಟಿನ ಬಾಯಿ ಮಡಚಿ, ಪೆನ್ನಿನ ಟೊಪ್ಪಿಗೆಯ ಕ್ಲಿಪ್ಪು ಸಿಕ್ಕಿಸಿದರೆ ಚಟ್ನಿ ಮೆತ್ತಗಾಗುವುದಿಲ್ಲ. ಇದನ್ನು ಹೆಮ್ಮೆಯಿಂದ ತೋರಿಸಿದೆ. “ಇದಕ್ಕ ಟೊಪ್ಪಿಗಿ ಸಾಕಲ್ರಿ. ಪೆನ್ನ ಯಾಕ ಬೇಕು?” ಎಂದರು ಗಿರಿಜಾ. ಶಿಕ್ಷಕಿಯರು ಉತ್ತರಪತ್ರಿಕೆ ನೋಡುವ ರೀತಿ ಅದು. ಬರೆದದ್ದಕ್ಕೆ ಅಂಕ ಕೊಡುವುದಿಲ್ಲ, ಕೇಳಿದ್ದಕ್ಕೆ ಮಾತ್ರ.

ಪೆನ್ನುಗಳನ್ನು ಉಳಿಸಿದ್ದು ಒಂದು ಅಪಘಾತ. ತಿಂಗಳು ಮುಗಿಯಲು ಐದಾರು ದಿನವಿದ್ದಾಗ, ಶಾಯಿ ತುಂಬಿಸುತ್ತ ಕೂತಿದ್ದವನ ಕೈಯಿಂದ ಹನಿಯೊಂದು ಸಿಡಿದು ಗಿರಿಜಾ ಮಡಚಿಡುತ್ತಿದ್ದ ತಿಳಿ ಹಳದಿ ಖಣದ ಮೂಲೆಗೆ ಬಿತ್ತು. ಅವರು ಖಣ ಎತ್ತಿಕೊಂಡು ನಳದ ಕೆಳಗೆ ಹಿಡಿದರು. ಕಲೆ ಗುರುತಿಲ್ಲದಂತೆ ಹೋಯಿತು. ಒದ್ದೆ ಮೂಲೆಯನ್ನು ಅವರು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ನಾನು ಕ್ಷಮೆಯ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಾಗ, “ಇನ್ನೊಂದ ಖಣದ ಮ್ಯಾಲೆ ಏನರೆ ಬರೀರಿ ನೋಡೂಣು,” ಎಂದರು.

ಅವರ ತೊಂದರೆ ನನಗೆ ಆಗ ತಿಳಿಯಿತು. ಯಾವ ಖಣ ಯಾರು ಕೊಟ್ಟದ್ದೆಂದು ಅರವತ್ತರ ಮೇಲೆ ಖಣಗಳ ನೆನಪನ್ನು ಅವರು ತಲೆಯಲ್ಲೇ ಹೊತ್ತಿದ್ದರು. ಚೀಟಿ ಚುಚ್ಚಿದರೆ ಗುಂಡುಸೂಜಿ ತುಕ್ಕು ಹಿಡಿಯುತ್ತದೆ. ಬಾಲ್ ಪೆನ್ನು ಬಟ್ಟೆಯ ಮೇಲೆ ಜಾರುತ್ತದೆ. ಸ್ಕೆಚ್ ಪೆನ್ನು ಕೊಟ್ಟವರ ಹೆಸರನ್ನು ಶಾಶ್ವತಗೊಳಿಸುತ್ತದೆ. ಶಾಯಿ ಪೆನ್ನು ಮಾತ್ರ ಬೇಕಾದಷ್ಟು ದಿನ ಇದ್ದು, ಬೇಡವಾದಾಗ ಒಂದು ಹಿಡಿ ನೀರಿಗೆ ಹೊರಟುಹೋಗುತ್ತದೆ.

ಎರಡು ಭಾನುವಾರ ಕೂತು ಬರೆದೆವು. ಅವರು ಹೇಳುವುದು, ನಾನು ಬರೆಯುವುದು. ಕೆಲಸ ಅಷ್ಟಕ್ಕೇ ನಿಂತಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ಯಾರು ಎಂದ ಮೇಲೆ ಯಾವಾಗ, ಎಲ್ಲಿ, ಯಾವ ಸಂದರ್ಭ ಎಂದು ಬರೆಯದೆ ನನ್ನ ಕೈ ನಿಲ್ಲದು. ಅವರು ಖಣ ಮುಟ್ಟಿ ನೋಡಿ ಗೊಣಗಿದ್ದನ್ನೂ ಬರೆದೆ. ಹೇಳಿದವರ ಮಾತಿಗೆ ಕತ್ತರಿ ಹಾಕಬಾರದೆಂಬುದು ನಾನು ಕಲಿತ ಮೊದಲ ಪಾಠ. ಗಲಗಲಿಯಲ್ಲಿರುವ ನನ್ನ ಅಕ್ಕ ಕಮಲಕ್ಕ ಕೊಟ್ಟ ನೇರಳೆ ಖಣದ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಹೀಗಿತ್ತು: “ಗಲಗಲಿ ಅಕ್ಕ. ಅವರ ಹೊಸ ಮನೆಯ ವಾಸ್ತುಶಾಂತಿಯಲ್ಲಿ. ಬಣ್ಣ ನಂಬುವಂತಿಲ್ಲ. ಅಸ್ತರಕ್ಕೆ ಅಡ್ಡಿಯಿಲ್ಲ.” ಅಸ್ತರ ಎಂದರೆ ರವಿಕೆಯ ಒಳಗೆ, ಯಾರಿಗೂ ಕಾಣದಂತೆ ಹೊಲಿಯುವ ಬಟ್ಟೆ.

ಯಾರಿಗಾದರೂ ಖಣ ಕೊಡುವ ಮೊದಲು ಮೂಲೆ ತೊಳೆದು ಒಣಗಿಸುವುದೆಂದು ನಮ್ಮಿಬ್ಬರಲ್ಲಿ ಒಪ್ಪಂದವಾಯಿತು. ತಿಜೋರಿಯಲ್ಲಿ ಪೆನ್ನುಗಳೂ ಉಳಿದವು, ಖಣಗಳೂ ಸೇರಿದವು. ಅವು ಈಗ ಒಂದೇ ಇಲಾಖೆಯ ಕಾಗದ ಮತ್ತು ಕಾರಕೂನ.

ಆ ವಾರವೇ ಅಕ್ಕ ಬಂದಳು. ಅವಳ ಮಗಳಿಗೆ ಚೊಚ್ಚಲ ಬಸಿರು, ಮುಂದಿನ ತಿಂಗಳು ಕುಬಸ. ಬಸುರಿಗೆ ಸೀರೆ, ಕುಪ್ಪಸ ಉಡಿಸಿ ಉಡಿ ತುಂಬುವ ಆ ಕಾರ್ಯಕ್ಕೆ ಸೋದರಮಾವನಾದ ನಾನು ಹೆಂಡತಿಯೊಂದಿಗೆ ಎದುರಿನ ಸಾಲಿನಲ್ಲಿ ಇರಲೇಬೇಕು. ಅದನ್ನು ಹೇಳಲೆಂದೇ ಬಂದಿದ್ದಳು. ಬಿಸಿ ರೊಟ್ಟಿ ತಿಂದಳು, ನನ್ನ ಹೊಟ್ಟೆಯ ಬಗ್ಗೆ ಎರಡು ಮಾತಾಡಿದಳು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಗಿರಿಜಾ ಅಕ್ಕಿ, ಕೊಬ್ಬರಿ ಬಟ್ಟಲು ಹಿಡಿದುಕೊಂಡು ಅಡುಗೆಮನೆಯಿಂದಲೇ ಕೂಗಿದರು: “ಅಕ್ಕಾರಿಗೆ ಒಂದ ಖಣ ತಗೊಂಬರ್ರಿ!”

ನಾನು ತಿಜೋರಿ ತೆರೆದೆ. ಅರವತ್ತು ಖಣಗಳಲ್ಲಿ ಯಾವುದನ್ನು ಒಯ್ಯಲಿ? ಒಂದರ ಮೂಲೆಯಲ್ಲಿ ನನ್ನದೇ ಅಕ್ಷರದಲ್ಲಿ ‘ಗಲಗಲಿ ಅಕ್ಕ’ ಎಂದಿತ್ತು. ವ್ಯವಸ್ಥೆ ಎಂದರೆ ಹೀಗಿರಬೇಕು, ಹೆಸರು ಬರೆದೇ ಇಟ್ಟಿದೆಯಲ್ಲ ಎಂದು ಸಂತೋಷವಾಯಿತು. ಹೆಸರಿದ್ದವರಿಗೇ ತಲುಪಲೆಂದು ಗಿರಿಜಾ ಕೈಗೆ ಕೊಟ್ಟೆ. ಗಿರಿಜಾ ಬಸ್ಸಿನ ಗಡಿಬಿಡಿಯಲ್ಲಿ ನೋಡದೆ ಉಡಿಗೆ ಹಾಕಿದರು. ನನ್ನ ತಪ್ಪು ನನಗೆ ತಿಳಿದದ್ದು, ಅಕ್ಕನನ್ನು ಬಿಟ್ಟು ಬಸ್ ನಿಲ್ದಾಣದಿಂದ ಹಿಂದಿರುಗಿ, “ನಿಮ್ಮ ಪದ್ಧತಿ ಛಲೋ ಐತಿ, ಅಕ್ಕನ ಹೆಸರಿನ ಖಣ ಲಗೂನ ಸಿಕ್ತು,” ಎಂದು ಹೊಗಳಿದಾಗ. ಗಿರಿಜಾ ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

“ಮೂಲಿ ತೊಳದೀರೇನು?”

“ಇಲ್ಲ.”

“ನಾನರ ಏನಂತ ಹೇಳಿ ಬರಸಿದ್ದೆ ಅದರ ಮ್ಯಾಲೆ?”

ಹೇಳಿದೆ. ಒಂದಕ್ಷರ ಬಿಡದೆ ಹೇಳಿದೆ. ಮಾತಿಗೆ ಕತ್ತರಿ ಹಾಕುವವನಲ್ಲ ನಾನು.

ಮೂರು ದಿನ ಗಲಗಲಿಯಿಂದ ಫೋನ್ ಬರಲಿಲ್ಲ. ಕುಬಸಕ್ಕೆ ನಮ್ಮನ್ನು ಕರೆದದ್ದು ಖಣಕ್ಕೆ ಮೊದಲು. ಆ ಆಮಂತ್ರಣ ಖಣದ ನಂತರವೂ ಊರ್ಜಿತವೇ ಎಂಬುದು ಮನೆಯಲ್ಲಿ ಚರ್ಚೆಯ ವಿಷಯವಾಗಿತ್ತು. ಚರ್ಚೆ ಎಂದರೆ ಗಿರಿಜಾ ಮಾತಾಡುತ್ತಿದ್ದರು. ನಾಲ್ಕನೆಯ ದಿನ ಮುಂಜಾನೆ ಅಕ್ಕನೇ ಮಾಡಿದಳು. ಸ್ಪೀಕರ್ ಹಾಕಿ ಎಂದು ಗಿರಿಜಾ ಸನ್ನೆ ಮಾಡಿದರು.

“ತಮ್ಮಾ, ಪೇಪರಿನ್ಯಾಗ ನೀ ಬರದದ್ದು ಇಷ್ಟ ವರ್ಸದಾಗ ನಾ ಒಂದೂ ಓದಿಲ್ಲ. ಇದನ್ನ ನಾಕ ಸಲ ಓದೀನಿ.”

“ಯಕ್ಕಾ, ಅದು...”

“ಬಣ್ಣದ್ದ ಬಿಡು. ಅಸ್ತರಕ್ಕ ಅಡ್ಡಿಯಿಲ್ಲ ಅಂತ ಅಂದವ್ರ ಯಾರು?”

ಗಿರಿಜಾ ನನ್ನನ್ನೇ ನೋಡುತ್ತಿದ್ದರು. ಸುದ್ದಿಯ ಮೂಲ ಬಿಟ್ಟುಕೊಡಬಾರದೆಂಬುದು ನಾನು ಕಲಿತ ಎರಡನೆಯ ಪಾಠ. ಇದನ್ನು ಪಾಲಿಸುವ ಸಂದರ್ಭ ನನ್ನ ವೃತ್ತಿಯಲ್ಲಿ ಈವರೆಗೆ ಬಂದಿರಲಿಲ್ಲ. ಕಬ್ಬಿನ ಸಭೆಯಲ್ಲಿ ಎಲ್ಲರೂ ತಮ್ಮ ಹೆಸರು ಹಾಕಿರೆಂದೇ ಹೇಳುತ್ತಾರೆ.

“ನಾನ ಅಂದದ್ದು,” ಎಂದೆ.

“ಲೇ, ಟವೆಲ್ಲಿಗೂ ಧೋತರಕ್ಕೂ ಫರಕ್ ಗೊತ್ತಿಲ್ಲ ನಿನಗ. ಅಸ್ತರ ಅನ್ನೂದು ಹೆಂಗಸರ ಮಾತು. ಬಾಜೂಕ ಕುಂತ ಕೇಳಾಕತ್ತಾಳಲ್ಲ, ಆಕಿಗೆ ಫೋನ್ ಕೊಡು.”

ಮೂಲ ತಾನಾಗಿಯೇ ಬಹಿರಂಗವಾಯಿತು. ಗಿರಿಜಾ ಫೋನಿನ ಹತ್ತಿರ ಬಾಗಿ, “ಅಕ್ಕಾರ, ತಪ್ಪಾತ್ರಿ,” ಎಂದರು. ಆ ಕಡೆಯಿಂದ ಅಕ್ಕನ ದನಿ ಬೇರೆಯಾಗಿ ಬಂತು.

“ತಪ್ಪ ಎಲ್ಲೀದ ಬಿಡವಾ. ಖರೆ ಹೇಳಬೇಕಂದ್ರ ಆ ಖಣ ನನಗರೆ ಎಲ್ಲಿ ಮನಸಿಗೆ ಬಂದಿತ್ತು! ತುಬಚಿ ಊರಿನ ನೆಂಟರು ಕೊಟ್ಟದ್ದದು. ನಾ ಅಸ್ತರಕ್ಕೂ ಬ್ಯಾಡ ಅಂದಿದ್ದೆ. ಅದಿರಲಿ, ನನ್ನ ಟ್ರಂಕಿನ್ಯಾಗ ಎಂಬತ್ತ ಖಣ ಅದಾವು, ಯಾವುದು ಯಾರದಂತ ಒಂದೂ ನೆಪ್ಪಿಲ್ಲ. ಆ ಶಾಯಿ ತೊಳದ್ರ ಹೋಗತೈತಿ ಹೌದಲ್ಲ? ಕುಬಸಕ್ಕ ಬರುವಾಗ ಒಂದ ಪೆನ್ನ ತಗೊಂಡ ಬರ್ರಿ.”

ಕುಬಸಕ್ಕೆ ಹೋದೆವು. ಎದುರಿನ ಸಾಲಿನಲ್ಲೇ ಕೂರಿಸಿದರು. ಪೆನ್ನನ್ನು ಅಕ್ಕ ಬಂದವರಿಗೆಲ್ಲ ತೋರಿಸಿದಳು. ಒಂದು ಖಣದ ಮೂಲೆಯಲ್ಲಿ ಬರೆದು, ತೊಳೆದು, ಮತ್ತೆ ಬರೆದಳು. ಬನಹಟ್ಟಿಯಿಂದ ಬಂದಿದ್ದ ಅವಳ ನಾದಿನಿ ಒಂದು ಕೇಳಿದರು. ತುಬಚಿಯವರು ಎರಡು ಕೇಳಿದರು. ಬೀಳಗಿಯ ಕಡೆಯ ಒಬ್ಬ ಹಿರಿಯರು, “ಯಜಮಾನ್ರ, ಅಂಥಾವ ಇನ್ನೆಷ್ಟ ಅದಾವ್ರಿ?” ಎಂದು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ, “ಹತ್ತ ಅದಾವ್ರಿ, ಒಂದರ ನಿಬ್ಬ ಮುರದೈತಿ,” ಎಂದರು. ಒಂದೂವರೆ ತಿಂಗಳಲ್ಲಿ ತಿಜೋರಿಯ ಪೆನ್ನುಗಳು ಖಾಲಿಯಾದವು. ಹದಿನಾಲ್ಕರಲ್ಲಿ ಹದಿಮೂರಕ್ಕೆ ನದಿಯ ಈ ಕಡೆ, ಆ ಕಡೆ ಒಳ್ಳೆಯ ಮನೆಗಳಲ್ಲಿ ಕೆಲಸ ಸಿಕ್ಕಿತು. ಒಂದು ಚಟ್ನಿಯ ಪಾಕೀಟಿನ ಮೇಲಿದೆ. ನಾನು ವರದಿ ಮಾಡಿದ ಪುನರ್ವಸತಿಗಳಲ್ಲಿ ಪೂರ್ತಿಯಾದದ್ದು ಇದೊಂದೇ.

ಒಂದು ಸಣ್ಣ ಸಂಗತಿ ಉಳಿದಿದೆ. ಕುಬಸದ ದಿನ ಗಂಡಸರಿಗೆ ಟವೆಲ್ಲು, ಟೊಪ್ಪಿಗೆ ಕೊಡುವುದು ಪದ್ಧತಿ. ನನಗೂ ಕೊಟ್ಟರು. ಮನೆಗೆ ತಂದು ಹಾಗೇ ಇಟ್ಟಿದ್ದ ಟವೆಲ್ಲನ್ನು, ಪೆನ್ನುಗಳೆಲ್ಲ ಹೋದ ಮೇಲೆ ಒಂದು ದಿನ ಬಿಚ್ಚಿದೆ. ಅದರ ಮೂಲೆಯಲ್ಲಿ, ನಾನೇ ಆ ದಿನ ಕೊಟ್ಟ ಪೆನ್ನಿನಿಂದ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟ ಅಕ್ಕನ ದುಂಡನೆಯ ಅಕ್ಷರಗಳಲ್ಲಿ ಬರೆದಿತ್ತು: “ಜಮಖಂಡಿ ತಮ್ಮ. ಮಗಳ ಕುಬಸದಾಗ. ಅಸ್ತರಕ್ಕ ಅಡ್ಡಿಯಿಲ್ಲ.”

ಗಿರಿಜಾಗೆ ತೋರಿಸಿದೆ. ಅವರು ಎರಡು ಸಲ ಓದಿದರು. “ತಿದ್ದೂದು ಏನೂ ಇಲ್ಲ ಬಿಡ್ರಿ,” ಎಂದು ಮಡಚಿ ಕೈಗೆ ಕೊಟ್ಟರು. ಇದಕ್ಕೊಂದು ಸ್ಪಷ್ಟೀಕರಣ ಬರೆಯುವುದು ನನ್ನ ಹಕ್ಕೆಂದು ತಿಜೋರಿ ತೆರೆದೆ. ಖಣಗಳಿದ್ದವು. ಚಟ್ನಿಯ ಮೇಲಿದ್ದ ಪೆನ್ನಿಗೆ ನಿಬ್ಬಿಲ್ಲ. ಗಿರಿಜಾ ತಮ್ಮ ಬ್ಯಾಗಿನಿಂದ ಒಂದು ಬಾಲ್ ಪೆನ್ನು ಕೊಟ್ಟರು. ಅದು ಬಟ್ಟೆಯ ಮೇಲೆ ಜಾರಿತು. ಟವೆಲ್ಲು ಈಗಲೂ ಹಾಗೆಯೇ ಇದೆ. ತೊಳೆದರೆ ಹೋಗುತ್ತದೆ, ಗೊತ್ತು. ದಾಖಲೆ ಅಳಿಸುವವನು ನಾನಲ್ಲ.