ಮಸ್ಕತ್ತಿನಲ್ಲಿ ಸತ್ತ ಕಾಕು

ಒಂದು ಕಾಲಕ್ಕೆ ಮಸ್ಕತ್ ಬಂದರದಲ್ಲಿ ಅರ್ಧ ನಮ್ಮ ಕಾಕಾನದೇ ಇತ್ತು. ಸುಳ್ಳು. ಅಪ್ಪನ ತಮ್ಮ ಅವನು, ಅಲ್ಲಿನ ಒಂದು ಕಂಪನಿಯ ಮೆಸ್ಸಿನಲ್ಲಿ ಅಡಿಗೆಯವನು, ಸ್ವಂತದ್ದು ಅಂತ ಇದ್ದದ್ದು ಒಂದು ಟ್ರಂಕು. ಉಳಿದದ್ದೆಲ್ಲ ಖರೆ, ಅಥವಾ ಖರೆಯ ದೂರದ ನೆಂಟ. ನಮ್ಮ ಮನೆತನದಲ್ಲಿ ಜೀವ ಇದ್ದವರು ಜೀವ ಇದೆ ಅಂತ ತೋರಿಸಲು ಒದ್ದಾಡುವ ಪ್ರಸಂಗ ಮೇಲಿಂದ ಮೇಲೆ ಬರುತ್ತದೆ.

೧. ಕಾಗೆ

ಎಂಬತ್ತರ ದಶಕ. ಕಲಬುರಗಿ ಹತ್ತಿರದ ಕಮಲಾಪುರದ ನಮ್ಮ ಮಾಳಿಗೆಯ ಮೇಲೆ ಕಾಕು, ಅಂದರೆ ಕಾಕಾನ ಹೆಂಡತಿ, ಹಪ್ಪಳ ಒಣಗಿಸುತ್ತಿದ್ದಳು. ಕಾಗೆಯೊಂದು ಬಂದು, ಅಷ್ಟು ಹಪ್ಪಳ ಬಿಟ್ಟು ಅವಳ ತಲೆಯ ಮೇಲೆ ಕೂತಿತು. ಅಜ್ಜಿ ಎದೆ ಬಡಿದುಕೊಂಡಳು. ಕಾಗೆ ತಲೆ ಮುಟ್ಟಿದರೆ ಸಾವಿನ ಕಂಟಕ. ಅದಕ್ಕೆ ಪರಿಹಾರವೂ ಉಂಟು: ಸತ್ತೇಹೋದರು ಅಂತ ಹತ್ತಿರದವರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ಅತ್ತರೆ ಕಂಟಕ ಕಳೆಯಿತು. ಹಿಂದೆಯೇ ಇನ್ನೊಬ್ಬ ಓಡಿಹೋಗಿ, ಬಾಯಿಗೆ ಬೆಲ್ಲ ಹಾಕಿ, ಖರೆ ಹೇಳುತ್ತಾನೆ.

"ಅಳಬೇಕಾದಾಂವ ಮಸ್ಕತ್ತಿನ್ಯಾಗ ಕೂತಾನ," ಅಂದಳು ಅಜ್ಜಿ. "ಅವಗ ತಂತಿ ಬಡಿ. ಖರೆ ಸುದ್ದಿ ಕಾಗದಾ ಬರದು ಹಾಕು, ಸೋವಿ ಆಗ್ತದ."

ಕಲಬುರಗಿಗೆ ಹೋಗಿ ತಂತಿ ಕಚೇರಿಯ ಸಾಲಿನಲ್ಲಿ ನಿಂತೆ. ಗುಮಾಸ್ತ ಓದಿ, ಕನಿಕರದಿಂದ ಕೇಳಿದ: "ಯಾವಾಗ ತೀರಿಕೊಂಡ್ರು ತಮ್ಮಾ?"

"ಇನ್ನಾ ಹಪ್ಪಳಾ ಒಣಗಸಲತ್ತಾಳ್ರೀ" ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಸಿಕ್ಕಿಬಿದ್ದೆ ಅಂತ ಹೆದರಿ ಗೊಳೋ ಅಂತ ಅತ್ತುಬಿಟ್ಟೆ. ಗುಮಾಸ್ತನೂ ಕಣ್ಣೊರಸಿಕೊಂಡ. ಬೀಗರಿಗೆ ಮದುವೆಯ ಶುಭಾಶಯ ಕಳಿಸಲು ನನ್ನ ಹಿಂದೆ ನಿಂತಿದ್ದವನು ಕಳಿಸದೆಯೇ ಹೊರಟುಹೋದ.

೨. ಬೆಲ್ಲ ತಡವಾಯಿತು

ತಂತಿ ಮುಟ್ಟಿತು. ಖರೆ ಹೇಳುವ ಕಾಗದ ಇನ್ನೂ ದಾರಿಯಲ್ಲಿರುವಾಗಲೇ ಕಾಕಾ ವಿಮಾನ ಹತ್ತಿದ. ಅತ್ತು ಅತ್ತು ಮುಖ ಬಾತುಕೊಂಡು ಬಾಗಿಲು ಬಡಿದ. ತೆರೆದವಳು ಕಾಕು. ಕಾಕಾ "ರಾಮ ರಾಮ" ಅನ್ನುತ್ತ ಮೆಟ್ಟಿಲಿನಿಂದ ಹಿಂದಕ್ಕೆ ಉರುಳಿದ.

ಕಾಕು ಸೆರಗು ಸರಿ ಮಾಡಿಕೊಂಡಳು. "ಬರೂದಿದ್ರ ಮೊದಲೇ ತಿಳಸಬಾರದೇನ್ರಿ? ಅನ್ನಾ ಒಂದೀಟು ಹೆಚ್ಚಿಗಿ ಇಡ್ತಿದ್ದೆ."

ಮರುದಿನ ಕಾಕಾ ನನ್ನನ್ನು ಬಾಳೆಯ ತೋಟಕ್ಕೆ ಎಳೆದುಕೊಂಡು ಹೋದ. "ಲೇ, ಹೆಂಡತಿ ಸತ್ತಾಳಂತ ಕಂಪನ್ಯಾವರು ರಜಾ ಕೊಟ್ಟಾರ. ಬದುಕ್ಯಾಳಂದ್ರ ನನ್ನ ನೌಕರಿ ಸಾಯ್ತದ. ಏನರ ಮಾಡು."

ಉಪಾಯ ನನ್ನದು ಅಂತ ಅವನು, ಅವನದು ಅಂತ ನಾನು ಕೊನೆಯವರೆಗೂ ವಾದಿಸಿದೆವು. ನಮ್ಮಲ್ಲಿ ಮದುವೆಯ ದಿನ ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ಉಂಗುರದಿಂದ ಬರೆದು ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ತವರಿನಲ್ಲಿ ಗಂಗಾ ಆಗಿದ್ದವಳು ನಮ್ಮ ಮನೆಗೆ ಬಂದು ಪದ್ಮಾವತಿ ಆಗಿದ್ದಳು. ಮುಂದೆ ಊರಿಂದ ಹೆಂಡತಿಯ ಕಾಗದ ಬಂದರೂ ಯಾರೂ ಕೇಳಬಾರದು ಅಂತ ಕಾಕಾ ತಿರುಗಿ ಹೋಗಿ ಕಂಪನಿಯಲ್ಲಿ ಹೇಳಿದ: ಪದ್ಮಾವತಿ ಹೋದಳು, ಗಂಗಾಬಾಯಿಯನ್ನು ಮಾಡಿಕೊಂಡೆ. ಮೊದಲನೆಯವಳಿಗಾಗಿ ಅತ್ತವರೇ ಎರಡನೆಯವಳಿಗಾಗಿ ಪೇಢೆ ಕೇಳಿದರಂತೆ.

೩. ಸವತಿ

ತೊಂಬತ್ತರ ದಶಕದಲ್ಲಿ ಕಾಕಾ ಅಲ್ಲಿಯೇ ತೀರಿಕೊಂಡ. ಈ ಸಲದ ತಂತಿ ಸುಳ್ಳಲ್ಲ. ಮಕ್ಕಳಿಲ್ಲ. ಅವನ ಇಡೀ ಗಳಿಕೆ ಕಂಪನಿಯ ಕೈಯಲ್ಲಿತ್ತು. ಅದು ಬರದಿದ್ದರೆ ಕಾಕು ಆ ವಯಸ್ಸಿನಲ್ಲಿ ಕಂಡವರ ಮನೆಯ ಅಡಿಗೆಗೆ ನಿಲ್ಲಬೇಕು. ಕಂಪನಿಯವರು ಬರೆದರು: ಎರಡನೇ ಹೆಂಡತಿ ಗಂಗಾಬಾಯಿಯವರು ತಾವೇ ವಾರಸುದಾರರೆಂದು ಸರಕಾರದ ಪತ್ರ ಕಳಿಸಬೇಕು.

ನಾನು ಓದಿದೆ. ಕಾಕು ಅಳು ನಿಲ್ಲಿಸಿದಳು. "ಯಾರಕಿ?"

"ನೀನೇ ಕಾಕು. ನಿನ್ನ ತವರಮನಿ ಹೆಸರಲ್ಲೇನು?"

"ನನ್ನ ಹೆಸರೂ ಆಕಿಗೇ ಕೊಟ್ಟಾರ?"

ಇಡೀ ಕಥೆ ಬಿಡಿಸಿ ಹೇಳಿದೆ. ಕೇಳಿದಳು, ತಲೆಯಾಡಿಸಿದಳು. "ಇರಬಹುದು. ಆದ್ರ ಮಾಡಿಕೊಂಡೆ ಅಂತ ಹೇಳುವಾಗ ಅವರ ಕಣ್ಣಮುಂದ ಯಾವಾಕಿದಾದ್ರೂ ಮಾರಿ ಬಂದಿರಬೇಕಲ್ಲ?"

ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ವಕೀಲರೊಬ್ಬರ ಹತ್ತಿರ ಹೋದೆವು. ಅವರು ಕನ್ನಡಕ ತೆಗೆದಿಟ್ಟರು. "ಸುಳ್ಳು ತಂತಿ, ಸುಳ್ಳು ರಜಾ, ಸುಳ್ಳು ಮದುವಿ. ಕಚೇರ್ಯಾಗ ಕೆದಕಿದ್ರಂದ್ರ ತಂತಿ ಬಡದಾಂವ ಸೀದಾ ಜೇಲಿಗೆ."

ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ. ಕಾಕು ಬೆನ್ನು ಸವರಿದಳು. "ಹೆದರಬ್ಯಾಡೋ ಮಂಗ್ಯಾ. ಹಬ್ಬಕ್ಕ ಹೋಳಿಗಿ ತಂದು ಕೊಡ್ತೀನಿ."

೪. ಪಂಚರು

ಪದ್ಮಾವತಿಯೂ ಗಂಗಾಬಾಯಿಯೂ ಒಬ್ಬಳೇ, ಸತ್ತ ಸುದ್ದಿ ಸುಳ್ಳು ಅಂತ ಕಮಲಾಪುರದ ಹಿರಿಯರು ಪಂಚನಾಮೆ ಬರೆದುಕೊಡಬೇಕಾಯಿತು. ಬಂದರು, ಕಾಕು ಕೊಟ್ಟ ಅವಲಕ್ಕಿ ತಿಂದರು. ಎಲ್ಲರಿಗಿಂತ ಹಿರಿಯರಾದವರು ಪೆನ್ನು ಎತ್ತಿ ಹಾಗೇ ನಿಂತರು.

"ಕಾಗಿ ಕಂಟಕ ಕಳದದ್ದು ಆ ಸುದ್ದಿಲಿಂದ. ಅದು ಸುಳ್ಳಂತ ಬರದುಕೊಟ್ರ ಕಂಟಕ ತಿರುಗಿ ಬರ್ತದ."

"ಯಾರ ಮ್ಯಾಲ್ರೀ?" ಅಂದೆ.

"ಮೊದಲು ಸಹಿ ಮಾಡಿದಾಂವನ ಮ್ಯಾಲ."

ಪೆನ್ನು ಕೆಂಡದಂತೆ ಕೈಯಿಂದ ಕೈಗೆ ಹಾರಿ ನನ್ನ ಕೈಗೆ ಬಂತು. ಕಾಕು ನನ್ನನ್ನೇ ನೋಡುತ್ತಿದ್ದಳು. ಕಣ್ಣು ಮುಚ್ಚಿ ಸಹಿ ಹಾಕಿದೆ. ಹಿರಿಯರು ಸ್ವಲ್ಪ ಹೊತ್ತು ಕಾದರು. ನಾನು ಸಾಯಲಿಲ್ಲ. ಆಮೇಲೆ ಒಬ್ಬೊಬ್ಬರೇ ಸಹಿ ಮಾಡಿದರು. ಕಾಗೆಗೆ ಹೆದರಿ ಆ ಬೇಸಿಗೆಯಿಡೀ ನಾನು ಎಲ್ಲಿ ಹೋದರೂ ಕೊಡೆ ಬಿಚ್ಚಿಕೊಂಡೇ ಹೋದೆ. ಮನೆಯೊಳಗೆ ಊಟಕ್ಕೆ ಕೂತಾಗಲೂ.

೫. ಕಚೇರಿ

ವಾರಸುದಾರರ ಪತ್ರ ಕೊಡುವ ಕಲಬುರಗಿಯ ಕಚೇರಿಯ ಸಾಹೇಬರು ಮೈಸೂರು ಕಡೆಯವರು. ಕಾಗೆಯೂ ಗೊತ್ತಿಲ್ಲ, ಅಕ್ಕಿಯ ಮೇಲಿನ ಹೆಸರೂ ಗೊತ್ತಿಲ್ಲ.

"ಏನ್ರೀ ಇದು? ಒಬ್ಬ ಹೆಂಗಸು, ಎರಡು ಹೆಸರು, ನಡುವೆ ಒಂದು ಸಾವು! ಹೊರದೇಶದ ದುಡ್ಡು ಹೊಡೆಯೋ ಗ್ಯಾಂಗೇ ಇದೆ ಅನ್ಸುತ್ತೆ. ಆ ತಂತಿ ಕಳಿಸಿದವನು ಎಲ್ಲಿ?"

ಬಾಗಿಲಲ್ಲಿ ಪೊಲೀಸ್ ಒಬ್ಬ ನಿಂತಿದ್ದ. ನಾನು ಕಾಕುವಿನ ಹಿಂದೆ ಸರಿದೆ. "ಅವ ತೀರಿಕೊಂಡಾನ್ರಿ, ಸಾಹೇಬ್ರ."

"ಥೂ, ಬಾಯಿಗೆ ಬಂದಂಗ ಅಪಶಕುನ ನುಡೀಬ್ಯಾಡ," ಅಂದಳು ಕಾಕು. "ಇವನೇ ರೀ ಆ ಮಂಗ್ಯಾ!"

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ನಾನು ಪೊಲೀಸನನ್ನು ನೋಡಿದೆ. ಅವನು ಗಡಿಯಾರ ನೋಡುತ್ತಿದ್ದ. ಅದೂ ನನಗಾಗಿಯೇ ಅನ್ನಿಸಿತು.

"ಅಮ್ಮಾ, ಪದ್ಮಾವತಿ ಯಾರು?"

"ನಾನ್ರಿ."

"ಗಂಗಾಬಾಯಿ?"

ಅದೂ ನಾನೇ ಅನ್ನಬೇಕು ಅಂತ ಬಸ್ಸಿನುದ್ದಕ್ಕೂ ಉರು ಹೊಡೆಸಿದ್ದೆ. ಕಾಕು ಬಾಯಿ ಬಿಗಿಹಿಡಿದಳು. ಎಲ್ಲ ಮುಗಿಯಿತು ಅಂದುಕೊಂಡೆ.

"ಆಕಿನೂ ನಾನೇ ರೀ," ಅಂದಳು ಕಡೆಗೆ. "ಆದ್ರ ಸಾಹೇಬ್ರ, ಆಕಿಗೆ ಒಂದು ಪೈಸಾನೂ ಕೊಡಬ್ಯಾಡ್ರಿ! ಅವರು ಅಲ್ಲಿ ಒಲಿ ಮುಂದ ಬೇಯುವಾಗ ದಾರಿ ಕಾಯ್ದಾಕಿ ನಾನು. ಎಲ್ಲಿಂದಲೋ ಬಂದು ಎರಡನೇಯಾಕಿ ಅಂತ ಬರಸಿಕೊಂಡಾಳ, ಮಾರಿ ತೋರಸಲಿಕ್ಕೂ ಬಂದಿಲ್ಲ!" ಅನ್ನುತ್ತ ಸೆರಗು ಕಣ್ಣಿಗೊತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಸಾಹೇಬರು ಕಾಗದಗಳನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಪೆನ್ನಿನ ಟೋಪಿ ತೆಗೆದರು. "ಸುಳ್ಳು ಹೇಳೋಕೆ ಬಂದವರು ಹೀಗೆ ಹೊಟ್ಟೆಕಿಚ್ಚು ಪಡಲ್ಲ ಕಣ್ರೀ. ಇವರು ಕಟ್ಟಿಕೊಂಡ ಹೆಂಡತಿನೇ. ಅಮ್ಮಾ, ಎರಡೂ ಹೆಸರಲ್ಲಿ ಒಂದೊಂದು ಸಹಿ ಹಾಕಿ."

ಪದ್ಮಾವತಿ ಅಂತ ಬಲಗೈಯಿಂದ ಮುತ್ತು ಪೋಣಿಸಿದಂತೆ ಬರೆದಳು. ಆಮೇಲೆ ಪೆನ್ನನ್ನು ಎಡಗೈಗೆ ತೆಗೆದುಕೊಂಡು ಗಂಗಾಬಾಯಿ ಅಂತ ಸೊಟ್ಟಸೊಟ್ಟಾಗಿ ಗೀಚಿದಳು.

"ಹಿಂಗ್ಯಾಕ ಕಾಕು?" ಅಂದೆ ಮೆಲ್ಲಗೆ.

"ಸುಮ್ಮನಿರು. ಆಕಿ ಅಕ್ಷರ ನನ್ನಕಿಂತ ಚಂದ ಕಾಣಬಾರದು."

ರೊಕ್ಕ ಬಂತು, ಕಾಕು ಕಂಡವರ ಒಲೆಯ ಮುಂದೆ ಕೂರಲಿಲ್ಲ. ಅದರಲ್ಲಿ ಅರ್ಧ ನನಗೇ ಕೊಟ್ಟಳು. ಇದು ಮಾತ್ರ ಸುಳ್ಳು. ಅದಕ್ಕೇ ಹೇಳ್ತೀನ್ರಿ, ಈ ಚಹಾದ ರೊಕ್ಕಾ ನೀವೇ ಕೊಟ್ಟುಬಿಡ್ರಿ.