ಆಕಾಶದವರು ಆರಿಸಿದ ಹಿಮ್ಮಡಿ

ಮನುಷ್ಯನಿಗೆ ಹೆಮ್ಮೆಪಡಲು ಏನಾದರೊಂದು ಬೇಕೇ ಬೇಕು. ಕೆಲವರಿಗೆ ವಂಶ, ಕೆಲವರಿಗೆ ಕಾರು, ನನಗೆ ಹಿಮ್ಮಡಿ. ನಗಬೇಡಿ. ಅದರೊಳಗೆ ಏನಿದೆಯೆಂದು ತಿಳಿದರೆ ನೀವೂ ಎದ್ದು ನಿಂತು ಮಾತಾಡಿಸುತ್ತೀರಿ.

ಹಿಮ್ಮಡಿ ನೋವೆಂದು ನಮ್ಮ ಬೆಳಗಾವಿಯ ಖಾಸಬಾಗದ ಡಾಕ್ಟರ ಬಳಿ ಹೋಗಿದ್ದೆ. ಎಕ್ಸರೇಯಲ್ಲಿ ಎಲುಬಿನ ಪಕ್ಕ ಸಣ್ಣದೊಂದು ಚೂಪಾದ ಬಿಳಿ ಗೆರೆ. "ಎಂಥದೋ ಲೋಹ ಐತ್ರಿ. ಯಾವಾಗ ಚುಚ್ಚಿತ್ತು?" ಎಂದರು. ಚುಚ್ಚಿದ ನೆನಪೇ ನನಗಿರಲಿಲ್ಲ. "ಬೇಕಂದ್ರ ತಗಿಯೂಣು, ತ್ರಾಸ ಕೊಡದಿದ್ರ ಇರಲಿ ಬಿಡ್ರಿ" ಎಂದು ಕಳಿಸಿದರು. ಅದೇ ವಾರ ವಡಗಾವಿಯ ಕ್ಷೌರದಂಗಡಿಯಲ್ಲಿ ಹಳೆಯ ವಾರಪತ್ರಿಕೆಯೊಂದು ಕೈಗೆ ಸಿಕ್ಕಿತು. ಅಮೆರಿಕದಲ್ಲಿ ಕೆಲವರನ್ನು ಹಾರುವ ತಟ್ಟೆಯವರು ಎತ್ತಿಕೊಂಡು ಹೋಗಿ, ಮೈಯೊಳಗೆ ಲೋಹದ ಚೂರು ಹುದುಗಿಸಿ, ಮರಳಿ ತಂದು ಬಿಡುತ್ತಾರಂತೆ. ಹೋಗಿದ್ದು ಬಂದಿದ್ದು ಅವರಿಗೆ ನೆನಪೇ ಇರುವುದಿಲ್ಲವಂತೆ. ಅರ್ಧ ಗಡ್ಡ ಬಾಕಿಯಿರುವಾಗಲೇ ನನಗೆ ಎಲ್ಲ ಹೊಳೆದುಬಿಟ್ಟಿತು. ಮಾವನ ಊರು ಖಾನಾಪುರದಿಂದ ಬರುವಾಗ ಬಸ್ಸು ನಡುದಾರಿಯ ದೇಸೂರು ದಾಟಿದ್ದು ನನಗೆಂದೂ ನೆನಪಿರುವುದಿಲ್ಲ. ಹೆಂಡತಿ ಸುಮಿತ್ರಾ ಅದನ್ನು ನಿದ್ದೆ ಎನ್ನುತ್ತಾಳೆ. ಅವಳು ವಾರಪತ್ರಿಕೆ ಓದುವುದಿಲ್ಲ.

ಈ ಗೌರವ ನನಗೆ ಬೇಕಾಗಿತ್ತು. ಖಾನಾಪುರದ ಮಾವನ ಮನೆಯಲ್ಲಿ ನಾನು ಎರಡನೆಯ ಅಳಿಯ. ಮೊದಲನೆಯವರು ಮಹಾಂತೇಶ ನಗರದ ನನ್ನ ಷಡ್ಡಕರು, ಗುತ್ತಿಗೆದಾರರು, ಕಾರಿನಲ್ಲಿ ಬರುವವರು. ಅಧಿಕ ಮಾಸಕ್ಕೆ ಅಳಿಯಂದಿರನ್ನು ಕರೆದು ಹೋಳಿಗೆ ಊಟ ಹಾಕುವಾಗ ಬೆಳ್ಳಿ ತಾಟು ಅವರಿಗೆ, ಸ್ಟೀಲಿನದು ನನಗೆ. ತುಪ್ಪದ ಮಿಳ್ಳಿ ಅವರ ಬಳಿ ಸಾಕಷ್ಟು ಹೊತ್ತು ನಿಂತು, ನನ್ನ ಬಳಿ ಬರುವಷ್ಟರಲ್ಲಿ ದಣಿದಿರುತ್ತಿತ್ತು. ಹೇಳಬಾರದು, ಆದರೆ ಹೊಟ್ಟೆ ಉರಿಯುತ್ತಿತ್ತು.

ಆ ಸಲದ ಅಧಿಕ ಮಾಸಕ್ಕೆ ಎಕ್ಸರೇ ಹಿಡಿದುಕೊಂಡೇ ಹೋದೆ. ತಾಟು ಹಾಕಿದ ಮೇಲೆ, ಕಿಟಕಿಯ ಬೆಳಕಿಗೆ ಅದನ್ನು ಹಿಡಿದು, ಎದೆಯುಬ್ಬಿಸಿ ಎಲ್ಲ ವಿವರಿಸಿದೆ. ಮಾವ ಕನ್ನಡಕ ಹಾಕಿಕೊಂಡು "ಖರೇನ?" ಎಂದರು.

"ಅವರಿಗೆ ಇಡೀ ಬೆಳಗಾವ್ಯಾಗ ನೀವ ಸಿಕ್ರೇನ್ರಿ?" ಎಂದರು ಷಡ್ಡಕರು.

"ಆರಿಸಾವ್ರಿಗೆ ಗೊತ್ತಿರತೈತ್ರಿ" ಎಂದೆ.

ಅತ್ತೆ ಹತ್ತಿರ ಬಂದು ನೋಡಿದವರೇ ಬಾಯಿಗೆ ಸೆರಗು ಹಿಡಿದರು. "ಅಯ್ಯ ನಮ್ಮವ್ವ! ಇದು ನನ್ನ ಸೂಜಿ! ನಿಮ್ಮ ಲಗ್ನಕ್ಕ ಹಳೇ ಸೀರಿ ಕೂಡಿಸಿ ಕೌದಿ ಹೊಲಿಯೂವಾಗ ಮುರದಿತ್ತು. ಎಷ್ಟ ಹುಡುಕಿದ್ರೂ ತುದಿ ಸಿಗಲಿಲ್ಲ. ಹೇಳಿದ್ರ ಅಪಶಕುನ ಅಂತಾರಂತ ಹಂಗ ಹಾಸಾಕ ಕೊಟ್ಟೆ. ನಾನ ಅಳಿಯನ ಕಾಲಿಗೆ ಚುಚ್ಚಿದಂಗಾತಲ್ಲ!"

ಎಲ್ಲರೂ ನಕ್ಕರು. ಷಡ್ಡಕರು ಎಲ್ಲರಿಗಿಂತ ಜೋರಾಗಿ ನಕ್ಕರು. ಎಕ್ಸರೇ ಹಿಡಿದ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ಆದರೆ ಅತ್ತೆಯ ಕಣ್ಣಲ್ಲಿ ನೀರಿತ್ತು. "ಇಷ್ಟ ವರ್ಷ ಆ ಕೌದಿ ಮ್ಯಾಲೆ ಮಲಗಿ, ಒಂದ ಮಾತ ಅಂದಿಲ್ಲ ನಮ್ಮ ಅಳಿಯ" ಎನ್ನುತ್ತ ಷಡ್ಡಕರ ಮುಂದಿನ ಬೆಳ್ಳಿ ತಾಟನ್ನೇ ಎತ್ತಿ ನನ್ನ ಮುಂದಿಟ್ಟರು. ಹೋಳಿಗೆ ತೇಲುವಷ್ಟು ತುಪ್ಪ ಸುರಿದರು. ಏನೂ ಅಂದಿಲ್ಲ ನಿಜ, ಗೊತ್ತಿದ್ದರಲ್ಲವೇ ಅನ್ನುವುದು! ಆದರೆ ಬಾಯಲ್ಲಿ ಹೋಳಿಗೆ ಇರುವಾಗ ಮಾತಾಡಬಾರದು.

ನಾನು ಹೋದಾಗಲೆಲ್ಲ ಸೂಜಿ ತೆಗೆಸಿರೆಂದು ಅತ್ತೆ ಅಂಗಲಾಚುತ್ತಾರೆ. ನಾನು ದೊಡ್ಡ ಮನಸ್ಸಿನಿಂದ "ಇರಲಿ ಬಿಡ್ರಿ" ಎನ್ನುತ್ತೇನೆ. ಷಡ್ಡಕರು ಗುಟ್ಟಾಗಿ ತಮ್ಮ ಎರಡೂ ಕಾಲುಗಳ ಎಕ್ಸರೇ ತೆಗೆಸಿದರಂತೆ. ಪಾಪ, ಏನೂ ಸಿಗಲಿಲ್ಲ. ಮೊನ್ನೆ ಖಾನಾಪುರದಲ್ಲಿ ಬಸ್ಸಿಳಿದು ಮಾವನ ಮನೆಯ ಕಡೆಗೆ ಹೆಮ್ಮೆಯಿಂದ ಕುಂಟುತ್ತ ಹೊರಟಿದ್ದೆ. ಹಿಂದಿನಿಂದ ಸುಮಿತ್ರಾ ಮೆಲ್ಲಗೆ ಕರೆದಳು: "ಏನ್ರೀ, ಕುಂಟೂದಾದ್ರ ಸೂಜಿ ಇದ್ದ ಕಾಲಿಂದನ ಕುಂಟ್ರಿ."