ಟೈಲರಣ್ಣನ ಮುಚ್ಚಿದ ಬಾಯಿ

ಟೈಲರಣ್ಣ ಹೆಂಡತಿಗೆ ಮುಖ ಕೊಟ್ಟು ಮಾತಾಡಿ ತಿಂಗಳಾಗಿತ್ತು. ಜಗಳವೂ ಇಲ್ಲ, ಸುಡುಗಾಡೂ ಇಲ್ಲ. ಬಾಯಿ ವಾಸನೆ, ಅಷ್ಟೇ! ಒಸಡು ಊದಿ, ಹಲ್ಲುಜ್ಜಿದರೆ ರಕ್ತ ಬರುತ್ತಿತ್ತು. ರಕ್ತ ಕಂಡರೆ ತಲೆಸುತ್ತುವ ಪುಣ್ಯಾತ್ಮ ಉಜ್ಜುವುದನ್ನೇ ಬಿಟ್ಟ. ವಾಸನೆ ಇನ್ನೂ ಜೋರಾಯಿತು. ಹೆಂಡತಿಗೆ ಹೇಸಿಗೆಯಾದೀತೆಂದು ಮನೆಯಲ್ಲೂ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಓಡಾಡಿದ. ಸೂಜಿ ಕಚ್ಚಿದ ಟೈಲರನಿಗೆ ಮಾತಾಡು ಅನ್ನುವ ಧೈರ್ಯ ಯಾರಿಗಿದೆ?

ಆ ಬೆಳಿಗ್ಗೆ ಆಕೆ ಚೀಲಕ್ಕೆ ಬಟ್ಟೆ ತುಂಬತೊಡಗಿದಳು.

"ಸಂಜೆ ಬಸ್ಸಿಗೆ ಅಕ್ಕನ ಮನೆಗೆ ಹೋಗ್ತೀನಿ ಕಣ್ರೀ. ನನ್ನ ಮುಖ ನೋಡೋಕೂ ಬೇಜಾರಾದ್ಮೇಲೆ ಇಲ್ಲಿದ್ದು ಏನ್ಮಾಡ್ಲಿ?"

ಟೈಲರಣ್ಣ ಗೋಡೆಯ ಕಡೆ ತಿರುಗಿ, ಬೇಡ ಬೇಡವೆಂದು ತಲೆಯಾಡಿಸಿದ.

"ನೋಡಿ, ಅದನ್ನೂ ಗೋಡೆಗೇ ಹೇಳ್ತೀರ!"

ಅದೇ ಬೀದಿಯ ತನ್ನ ಅಂಗಡಿಗೆ ಬಂದರೆ ಪಕ್ಕದ ಇಸ್ತ್ರಿಯವನು ಕಾದೇ ಕೂತಿದ್ದ.

"ಏನಣ್ಣಾ, ಅತ್ತಿಗೆ ಊರಿಗೆ ಹೊರಟ್ರಂತೆ? ಏನ್ ಮಾಡ್ದೆ?"

ಟೈಲರಣ್ಣ ಸೂಜಿ ತೆಗೆದು ಗುಟ್ಟು ಹೇಳಿದ. ಇಸ್ತ್ರಿಯವನು ಎರಡು ಹೆಜ್ಜೆ ಹಿಂದೆ ಸರಿದ.

"ಅಯ್ಯಪ್ಪಾ! ಮಾತಿಗಿಂತ ವಾಸನೇನೇ ಮುಂಚೆ ಬಂತು. ತಗೋ, ಇದ್ದಿಲು ಪುಡಿ, ಉಪ್ಪು. ಕೈ ಸೋಲೋ ತನಕ ಉಜ್ಜು. ಕಾಲರ್ ಕೊಳೆ ಮೆತ್ತಗೆ ಉಜ್ಜಿದ್ರೆ ಹೋಗುತ್ತಾ?"

ಕೈ ಸೋತಿತು. ಬಾಯಿ ಒಲೆಯಂತಾಯಿತು. ಅದೇ ಬಾಯಲ್ಲಿ ಅಭ್ಯಾಸಬಲದಿಂದ ದಾರ ಕಚ್ಚಿ ಹರಿದಾಗ, ಹೊಲಿಯುತ್ತಿದ್ದ ಬಿಳಿ ಕೋಟಿನ ಮೇಲೆ ರಕ್ತ ತೊಟ್ಟಿಕ್ಕಿತು. ಕೋಟಿನ ಒಡತಿ ಬೀದಿಯ ಕೊನೆಯಲ್ಲಿರುವ ಹಲ್ಲಿನ ಡಾಕ್ಟರು. ಅಷ್ಟರಲ್ಲಿ ಅವರೇ ಕೋಟು ಒಯ್ಯಲು ಬಂದು ಬಾಗಿಲಲ್ಲಿ ನಿಂತಿದ್ದರು.

"ತೊಳೆದು ಕೊಡ್ತೀನಿ ಡಾಕ್ಟ್ರೇ!"

"ಕೋಟು ಹಾಳಾಗ್ಲಿ. ಬಾಯಿ ತೆಗೀರಿ ನೋಡೋಣ. ಅಯ್ಯೋ ದೇವ್ರೇ, ನಡೀರಿ ಈಗ್ಲೇ!"

ಕುರ್ಚಿಯಲ್ಲಿ ಮಲಗಿಸಿ, ಹಲ್ಲು ಕೆರೆದು ತೊಳೆಯುತ್ತಲೇ ಡಾಕ್ಟರು ಬೈದರು.

"ಹಲ್ಲಿನ ಬುಡದಲ್ಲಿ ಕೊಳೆ ಕಟ್ಟಿ ಕಲ್ಲಾಗಿದೆ. ಒಸಡು ಊದೋದು, ವಾಸನೆ, ಎಲ್ಲಾ ಅದ್ರಿಂದ್ಲೇ. ರಕ್ತ ಬರುತ್ತೆ ಅಂತ ಉಜ್ಜೋದು ಬಿಟ್ರೆ ಕೊಳೆ ಹೆಚ್ಚುತ್ತೆ, ಇದ್ದಿಲಲ್ಲಿ ತಿಕ್ಕಿದ್ರೆ ಒಸಡೇ ಸವೆದು ಹಿಂದಕ್ಕೆ ಹೋಗುತ್ತೆ. ದಿನಾ ಎರಡು ಹೊತ್ತು ಮೆತ್ತನೆ ಬ್ರಷ್ಷಲ್ಲಿ ಹಗೂರಕ್ಕೆ ಉಜ್ಜಿ. ಸಂದಿ ಕ್ಲೀನ್ ಮಾಡೋಕೆ ಅಂತ್ಲೇ ದಾರ ಸಿಗುತ್ತೆ, ಅದನ್ನ ತಗೊಳ್ಳಿ. ಹೊಲಿಯೋ ದಾರ ಕಚ್ಚೋಕೆ ಹೋಗ್ಬೇಡಿ. ನಿಮ್ಮಂಗಡೀಲಿ ಕತ್ತರಿ ಇಲ್ವೇನ್ರೀ?"

"ಸರಿದಿರೋ ಒಸಡು ಮತ್ತೆ ಬರುತ್ತಾ ಡಾಕ್ಟ್ರೇ?"

"ಹೋಗಿದ್ದು ತಾನಾಗಿ ಬರಲ್ಲ. ಇರೋದನ್ನ ಉಳಿಸ್ಕೊಳ್ಳಿ."

ಆ ಮಾತು ಕೇಳಿ ಟೈಲರಣ್ಣನಿಗೆ ಸಂಜೆ ಬಸ್ಸಿನ ನೆನಪಾಯಿತು. ಹೆಂಡತಿ ಬಸ್ಸು ಹತ್ತಿಬಿಟ್ಟರೆ? ಕುರ್ಚಿಯಿಂದ ಇಳಿದವನೇ ಕೊರಳಿಗೆ ಕಟ್ಟಿದ್ದ ಬಟ್ಟೆಯನ್ನೂ ಬಿಚ್ಚದೆ ಓಡಿದ.

ಆಕೆ ಚೀಲ ಹಿಡಿದು ಬಾಗಿಲು ದಾಟುತ್ತಿದ್ದಳು. ಎರಡೂ ಭುಜ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತು ಎಲ್ಲ ಹೇಳಿದ. "ನೀನಿಲ್ದೆ ನಂಗಾಗಲ್ಲ ಕಣೇ. ಬಾಯಿ ನಾರುತ್ತೆ ಅಂತ ಹೆದರಿ ದೂರ ಇದ್ದೆ. ಇವತ್ತು ಕ್ಲೀನ್ ಮಾಡಿಸ್ಕೊಂಡು ಬಂದಿದೀನಿ. ಹಾ... ನೋಡು, ವಾಸನೆ ಇದೆಯಾ?"

ಆಕೆ ಚೀಲ ಕೆಳಗಿಟ್ಟಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

"ಅಯ್ಯೋ ನನ್ನ ಪೆದ್ದು ರಾಯಾ! ಹೋದ ತಿಂಗಳು ನಂಗೆ ಜ್ವರ ಬಂತಲ್ಲ, ಆವತ್ತಿಂದ ನನ್ನ ಮೂಗಿಗೆ ಯಾವ ವಾಸನೇನೂ ಗೊತ್ತಾಗ್ತಿಲ್ಲ. ಹೇಳಿದ್ರೆ ನನ್ನ ಅಡುಗೆ ಬೇಡ ಅಂತೀರೇನೋ ಅಂತ ಸುಮ್ನಿದ್ದೆ."

ತಿಂಗಳಿಡೀ ಸೀದ ಅನ್ನ ತಿಂದವನು ಕಣ್ಣು ಕಣ್ಣು ಬಿಟ್ಟ. ಇಬ್ಬರೂ ಹೊಸ್ತಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಅಕ್ಕನ ಮನೆಯ ಮಾತಿರಲಿಲ್ಲ.

ನಗು ನಿಂತ ಮೇಲೆ ಆಕೆ ಗಂಡನ ಬಾಯನ್ನೇ ದಿಟ್ಟಿಸಿದಳು.

"ಅದ್ಸರಿ, ವಾಸನೆ ನಿಜವಾಗ್ಲೂ ಹೋಗಿದೆಯಾ? ನಂಗೆ ಹೇಗೆ ಗೊತ್ತಾಗ್ಬೇಕು?"

ಬೇಡ ಕಣೇ ಅಂತ ಟೈಲರಣ್ಣ ಅನ್ನುವಷ್ಟರಲ್ಲಿ ಆಕೆ ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಎದುರುಮನೆ ಅಕ್ಕಾ! ಇಸ್ತ್ರಿಯಣ್ಣಾ! ಸ್ವಲ್ಪ ಬಂದು ನಮ್ಮನೆಯವ್ರ ಬಾಯಿ ಮೂಸಿ ನೋಡ್ತೀರಾ?"

ಬಾಗಿಲುಗಳು ಒಂದೊಂದಾಗಿ ತೆರೆದವು. ಎಲ್ಲರೂ ಬಂದರು.